ಟ್ಯೂಷನ್‌ಗೆ ಸ್ಕೂಟರ್‌ನಲ್ಲಿ ಹೋಗೋ ಮಕ್ಕಳು: ಭಾನುವಾರದ ಸಭೆಗೆ ಮುಂಚೆ ಓದಿ

ಅಡ್ಮಿನ್ (1ನೇ ಕ್ರಾಸ್): ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಆರೂಕಾಲಿಂದ ಏಳೂವರೆ ತನಕ ನಮ್ಮ ಮೇನ್ ರೋಡಲ್ಲಿ ಹೈಸ್ಕೂಲ್, ಪಿಯು ಮಕ್ಕಳು ಒಂದೊಂದು ಸ್ಕೂಟರ್‌ಗೆ ಮೂರು ಮೂರು ಜನ ಹತ್ತಿಕೊಂಡು ಬಿ.ಎಚ್. ರಸ್ತೆ ಕಡೆ ನುಗ್ತಾರೆ. ಹಾಲು ತರೋಕೆ ಹೋಗೋ ಹಿರಿಯರು ರಸ್ತೆ ದಾಟೋಕೇ ಹೆದರ್ತಿದ್ದಾರೆ. ಭಾನುವಾರ 10ಕ್ಕೆ ಪಾರ್ಕಲ್ಲಿ ಸೇರೋಣ. ಮಕ್ಕಳ ಫೋಟೊ, ಗಾಡಿ ನಂಬರ್ ದಯವಿಟ್ಟು ಇಲ್ಲಿ ಹಾಕಬೇಡಿ.

3ನೇ ಕ್ರಾಸ್: ಸಭೆ ಯಾಕೆ ಸರ್? ಮನೆಗೆ ಇನ್ನೂರು ಹಾಕಿ ಎರಡು ಹಂಪ್ಸ್ ಹಾಕ್ಸಿದ್ರೆ ಮುಗೀತು.

5ನೇ ಕ್ರಾಸ್ (ನಿವೃತ್ತ ಇಂಜಿನಿಯರ್): ಬೇಡಪ್ಪ. ಪಾಲಿಕೆ ಅನುಮತಿ ಇಲ್ದೆ ರಸ್ತೆ ಮೇಲೆ ನಾವು ಏನೂ ಕಟ್ಟೋ ಹಾಗಿಲ್ಲ. ಹಂಪ್‌ಗೂ ಲೆಕ್ಕ ಇದೆ: ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಮೇಸ್ತ್ರಿ ಹಾಕೋದು ಒಂದಡಿ ಅಗಲದ ಗುಡ್ಡೆ. ಅದರಲ್ಲಿ ಮೊದಲು ಬೀಳೋದು ರಾತ್ರಿ ಬರೋ ನಮ್ಮನೆಯವರೇ. ಬಣ್ಣ, ಮುನ್ಸೂಚನೆ ಫಲಕ ಸಮೇತ ಪಾಲಿಕೆಯಿಂದಲೇ ಹಾಕಿಸಬೇಕು.

4ನೇ ಕ್ರಾಸ್ (ವಕೀಲರು): ಹಂಪ್ಸ್ ಆಮೇಲೆ. ಕೀ ಕೊಟ್ಟಿರೋದು ಯಾರು ಅನ್ನೋದು ಮುಖ್ಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 199ಎ ಪ್ರಕಾರ, 18 ತುಂಬದ ಮಗು ಗಾಡಿ ಓಡಿಸಿ ಅಪರಾಧ ಆದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು. 25,000 ರೂ. ದಂಡ, ಜೊತೆಗೆ 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗೋ ತನಕ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೂಡ ಸಿಗಲ್ಲ. ಈ ಕೊನೇದನ್ನು ಸಭೆಯಲ್ಲಿ ಎರಡು ಸಲ ಹೇಳಿ. ದಂಡ ಕಟ್ಟಿ ಮರೆತುಬಿಡಬಹುದು, ಕೆಲಸಕ್ಕೆ ಸೇರೋ ವಯಸ್ಸಲ್ಲಿ ಡಿಎಲ್ ಇಲ್ದೆ ಇರೋದು ಹಾಗಲ್ಲ.

2ನೇ ಕ್ರಾಸ್: "ನಂಗೆ ಗೊತ್ತೇ ಇರ್ಲಿಲ್ಲ, ಕೀ ತಗೊಂಡು ಹೋಗ್ಬಿಟ್ಟ" ಅಂದ್ರೆ?

ವಕೀಲರು: ಒಪ್ಪಿಗೆ ಇತ್ತು ಅಂತಲೇ ಕೋರ್ಟ್ ಭಾವಿಸುತ್ತೆ. ಗೊತ್ತಿರಲಿಲ್ಲ, ಅಥವಾ ತಡೆಯೋಕೆ ಮಾಡಬೇಕಾದ್ದೆಲ್ಲ ಮಾಡಿದ್ದೆ ಅಂತ ಸಾಬೀತು ಮಾಡೋ ಹೊಣೆ ನಿಮ್ಮದು. ದಿನಾ ಅದೇ ಹೊತ್ತಿಗೆ ಗಾಡಿ ಟ್ಯೂಷನ್ ಮುಂದೆ ನಿಲ್ಲುತ್ತಿದ್ದರೆ ಆ ಮಾತು ನಿಲ್ಲಲ್ಲ.

6ನೇ ಕ್ರಾಸ್: ಫೈನ್‌ಗೆ ಅರ್ಧ ರಿಯಾಯಿತಿ ಬಿಡ್ತಾರಲ್ಲ, ಆಗ ಕಟ್ಟಿದ್ರಾಯ್ತು ಬಿಡಿ.

ವಕೀಲರು: 2023ರ ಫೆಬ್ರವರಿಯಲ್ಲಿ ಬಿಟ್ಟಿದ್ದು ಬಾಕಿ ಇ-ಚಲನ್ ದಂಡಕ್ಕೆ. 199ಎ ಸ್ಥಳದಲ್ಲೇ ಕಟ್ಟಿ ರಾಜಿ ಮಾಡಿಕೊಳ್ಳೋ ಪಟ್ಟಿಯಲ್ಲೇ ಇಲ್ಲ, ಕೋರ್ಟಿಗೇ ಹೋಗಬೇಕು.

2ನೇ ಕ್ರಾಸ್: 16ಕ್ಕೇ ಎಲ್‌ಎಲ್‌ಆರ್ ಕೊಡ್ತಾರಂತೆ. ಪಕ್ಕದ ಮನೆ ಹುಡುಗನ ಹತ್ರ ಇದೆ.

ಡ್ರೈವಿಂಗ್ ಸ್ಕೂಲ್ ತರಬೇತುದಾರರು: ಎಲ್ಲರೂ ಎಡವೋದು ಇಲ್ಲೇ ಅಕ್ಕ. 16 ತುಂಬಿದವರಿಗೆ ಕೊಡೋದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪೋಷಕರ ಲಿಖಿತ ಒಪ್ಪಿಗೆ ಮೇಲೆ. ನಮ್ಮ ಬೀದಿಯ ಸ್ಕೂಟರ್‌ಗಳೆಲ್ಲ 110, 125 ಸಿಸಿ. ಆ ಎಲ್‌ಎಲ್‌ಆರ್ ಇಟ್ಟುಕೊಂಡು ಇವನ್ನು ಓಡಿಸಿದರೆ ಲೈಸೆನ್ಸ್ ಇಲ್ಲದ ಲೆಕ್ಕವೇ. ಕಾರ್ಡ್ ಮೇಲೆ ಯಾವ ವರ್ಗ ಅಂತ ಬರೆದಿದೆ ನೋಡಿ.

7ನೇ ಕ್ರಾಸ್: ಬ್ಯಾಟರಿ ಸ್ಕೂಟರ್‌ಗೆ ಲೈಸೆನ್ಸ್ ಬೇಡ ಅಂತ ಅಂಗಡಿಯವರೇ ಹೇಳಿದ್ರು.

ತರಬೇತುದಾರರು: ಮೋಟಾರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಬೇಡ. ಹಸಿರು ನಂಬರ್ ಪ್ಲೇಟ್ ಇದೆಯಾ? ಹಾಗಾದ್ರೆ ಲೈಸೆನ್ಸ್ ಬೇಕೇ ಬೇಕು. ಕೆಲವರು ಸಣ್ಣ ಗಾಡಿ ಕೊಂಡು ವೇಗದ ಲಾಕ್ ಬಿಚ್ಚಿಸ್ತಾರೆ. ಬಿಚ್ಚಿಸಿದ ಮೇಲೆ ಆ ವಿನಾಯಿತಿ ಹೋಯ್ತು.

ತರಬೇತುದಾರರು: 18 ಆದವರು ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್ ಅರ್ಜಿ ಹಾಕಬಹುದು. ಅದು 6 ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್. ಅಲ್ಲಿಯವರೆಗೆ ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು ಎಲ್. ಕಲಿಸೋರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸೋ ಹಾಗಿಲ್ಲ. ಟ್ಯೂಷನ್ ಗೆಳೆಯನೂ ಇಲ್ಲ.

3ನೇ ಕ್ರಾಸ್: ಆರ್‌ಸಿ ತೀರಿಹೋದ ತಾತನ ಹೆಸರಲ್ಲೇ ಇರೋ ಗಾಡಿಗಳೂ ಇವೆಯಲ್ಲ ಸರ್?

ವಕೀಲರು: ತೀರಿಹೋದ 3 ತಿಂಗಳೊಳಗೆ ವಾರಸುದಾರರು ನಮೂನೆ 31ರಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕಿತ್ತು. ಈಗಲಾದರೂ ಮಾಡಿಸಿ. ವಿಮೆಯೂ ಹಾಗೇ. ಲೈಸೆನ್ಸ್ ಇಲ್ಲದವರು ಓಡಿಸಿ ಯಾರಿಗಾದರೂ ಪೆಟ್ಟಾದರೆ, ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಅದರ ಮುಂದೆ 25,000 ಏನೂ ಅಲ್ಲ.

ಅಡ್ಮಿನ್: ಸರಿ. ಪತ್ರ ಎರಡೇ. ಸಂಚಾರ ಠಾಣೆಗೆ: ಬೆಳಿಗ್ಗೆ 6.15ರಿಂದ 7.30ರವರೆಗೆ ಮೇನ್ ರೋಡ್ ತಿರುವಿನಲ್ಲಿ ತಪಾಸಣೆ, ಅದಕ್ಕೆ ಮುಂಚೆ ಒಂದು ವಾರ ಬರೀ ಎಚ್ಚರಿಕೆ. ಪಾಲಿಕೆಗೆ: ಇಂಜಿನಿಯರ್ ಸರ್ ಕೊಟ್ಟ ಅಳತೆಯಲ್ಲಿ ಎರಡು ಹಂಪ್. ಟ್ಯೂಷನ್‌ನವರ ಹತ್ರ 2ನೇ ಕ್ರಾಸ್ ಮೇಡಂ ಮಾತಾಡ್ತಾರೆ, 18 ಆಗದವರ ಗಾಡಿ ಗೇಟ್ ಮುಂದೆ ನಿಲ್ಲಿಸಿಕೊಳ್ಳಬಾರದು ಅಂತ. ಸ್ಕೂಟರ್ ಬದಲು ಮಕ್ಕಳು ಒಟ್ಟಿಗೆ ಹೋಗೋ ಹಂಚಿಕೆ ಆಟೋಗೆ ಎಷ್ಟು ಮಕ್ಕಳು, ಯಾವ ಬ್ಯಾಚ್ ಅಂತ ಶನಿವಾರದೊಳಗೆ ಬರೆಯಿರಿ.

6ನೇ ಕ್ರಾಸ್: ನಮ್ಮನೆಯಿಂದ ಇಬ್ಬರು, ಆರೂವರೆ ಬ್ಯಾಚ್.