ಹನ್ನೊಂದು ಜನರ ಮನೆ, ಎರಡು ಮೀಟರ್: ಕೆಳಗಿನದು 200 ಯೂನಿಟ್ ದಾಟುತ್ತಿದೆ, ಎಲ್ಲಿ ಕಡಿಮೆ ಮಾಡುವುದು?

ತೋಟದಮನೆ_ತಿಪಟೂರು:

ನಮ್ಮದು ಕೂಡು ಕುಟುಂಬ. ಕೆಳಗೆ ಏಳು ಜನ, ಮಹಡಿಯಲ್ಲಿ ಮೈದುನನ ಸಂಸಾರ ನಾಲ್ಕು ಜನ. ಅಡುಗೆಮನೆ ಬೇರೆ, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಬೇರೆ. ಕೆಳಗಿನ ಮೀಟರ್ ಮಾವನವರ ಹೆಸರಲ್ಲಿದೆ, ಮಂಜೂರಾದ ಲೋಡ್ 3 ಕಿಲೋವ್ಯಾಟ್, ಗೃಹಜ್ಯೋತಿ ಅರ್ಹತೆ (ಉಚಿತವಾಗಿ ಸಿಗುವ ಮಿತಿ) 185 ಯೂನಿಟ್. ಮಹಡಿಯದು ಮೈದುನನ ಹೆಸರಲ್ಲಿ, 2024ರಲ್ಲಿ ಪಡೆದ ಸಂಪರ್ಕ, ಅರ್ಹತೆ 58 ಯೂನಿಟ್, ಬಳಕೆ ತಿಂಗಳಿಗೆ 120ರ ಹತ್ತಿರ.

ತೊಂದರೆ ಇರುವುದು ಕೆಳಗಿನದರಲ್ಲಿ. ಕೆಲವು ತಿಂಗಳಿಂದ 270 ಯೂನಿಟ್ ಬರುತ್ತಿದೆ, ಬಿಲ್ಲು 2,200 ರೂಪಾಯಿ ದಾಟುತ್ತಿದೆ. ಕೆಳಗೆ ಇರುವುದು: 25 ಲೀಟರಿನ 2 ಕಿಲೋವ್ಯಾಟ್ ಗೀಸರ್ (ಏಳೂ ಜನರ ಸ್ನಾನಕ್ಕೆ), ತುಂಬ ಹಳೆಯ ಫ್ರಿಜ್, 1 ಎಚ್‌ಪಿ ಬೋರ್‌ವೆಲ್ ಮೋಟಾರ್, ರಾತ್ರಿಯಿಡೀ ತಿರುಗುವ ಮೂರು ಫ್ಯಾನ್, 150 ಎಎಚ್ ಬ್ಯಾಟರಿಯ ಯುಪಿಎಸ್, ಟಿವಿ, ವಾಷಿಂಗ್ ಮಷೀನ್, ಗ್ರೈಂಡರ್, ಮಿಕ್ಸಿ. ಯುಪಿಎಸ್‌ನಿಂದಲೇ ಮಹಡಿಯ ಲೈಟು, ಫ್ಯಾನಿಗೂ ಲೈನ್ ಕೊಟ್ಟಿದೆ.

ಗ್ರೈಂಡರ್ ಕಡಿಮೆ ಮಾಡಿ, ಹಿಟ್ಟು ಅಂಗಡಿಯಿಂದ ತನ್ನಿ ಅನ್ನುವುದು ಒಬ್ಬರ ಸಲಹೆ. ಸೋಲಾರ್ ಹಾಕಿಸಿ ಅನ್ನುವುದು ಇನ್ನೊಬ್ಬರದು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಬಿಸಿನೀರು, ಫ್ಯಾನು ಬೇಡ ಅನ್ನುವಂತಿಲ್ಲ. ಯಾವುದರಿಂದ ಶುರು ಮಾಡಬೇಕು?

ವೈರ್‌ಮನ್_ಅರಸೀಕೆರೆ:

ಗ್ರೈಂಡರ್ ತಂಟೆಗೆ ಹೋಗಬೇಡಿ ಮೇಡಂ. ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ 150 ವ್ಯಾಟಿನದು. ಮುಕ್ಕಾಲು ಗಂಟೆ ರುಬ್ಬಿದರೂ ಒಂದು ಯೂನಿಟ್ಟಿನ ಒಂಬತ್ತನೇ ಒಂದು ಭಾಗ. ತಿಂಗಳಿಗೆ ಹನ್ನೆರಡು ಸಲ ರುಬ್ಬಿದರೆ ಒಂದೂವರೆ ಯೂನಿಟ್ ಆಗುವುದೂ ಕಷ್ಟ.

ಮೊದಲು ಈ 200ರ ಲೆಕ್ಕ ಮನೆಯವರಿಗೆಲ್ಲ ಗೊತ್ತಾಗಬೇಕು. 2025-26ರ ದರದಂತೆ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ವಿದ್ಯುತ್ ಕಂಪನಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ, ಮೇಲೆ ಶೇ 9 ತೆರಿಗೆ. ಹಿಂದಿನ ಹಾಗೆ ಸ್ಲ್ಯಾಬ್ ಇಲ್ಲ. ಬಳಕೆ 185ರ ಒಳಗಿದ್ದರೆ ನಿಮಗೆ ಶೂನ್ಯ ಬಿಲ್ಲು. 185ರಿಂದ 200ರವರೆಗೆ ಹೋದರೆ ಹೆಚ್ಚಾದ ಯೂನಿಟ್‌ಗಳ ದುಡ್ಡು, ನೂರು ರೂಪಾಯಿಯ ಆಸುಪಾಸು. 201 ಆಯಿತೋ, ಪೂರ್ತಿ ಬಿಲ್ಲು ನಿಮ್ಮದೇ, ಸುಮಾರು 1,780. ಅಂದರೆ 270ರಿಂದ 210ಕ್ಕೆ ಇಳಿಸಿದರೆ ಉಳಿಯುವುದು ನಾನೂರು ಚಿಲ್ಲರೆ, 198ಕ್ಕೆ ಇಳಿಸಿದರೆ ಎರಡು ಸಾವಿರಕ್ಕೂ ಮೇಲೆ. ಹಾಗಾಗಿ ಗುರಿ 190 ಅಂತ ಇಟ್ಟುಕೊಳ್ಳಿ. ಮೀಟರ್ ಓದುವ ದಿನ ಒಂದೆರಡು ದಿನ ಆಚೀಚೆ ಆಗುತ್ತದೆ, ಅಷ್ಟು ಜಾಗ ಬಿಟ್ಟುಕೊಂಡಿರಬೇಕು.

ಮಹಡಿಯ ಮೀಟರ್ ಕಥೆಯೇ ಬೇರೆ. ಅಲ್ಲಿ 58ರ ಮೇಲೆ ಹೋದ ಪ್ರತಿ ಯೂನಿಟ್‌ಗೆ ಆರೂವರೆ, ಏಳು ರೂಪಾಯಿ ಅಷ್ಟೆ. ಸದ್ಯ ಅದನ್ನು ಬಿಟ್ಟುಬಿಡಿ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಯುಪಿಎಸ್ ಲೈನ್ ಮಹಡಿಗೂ ಹೋಗಿದೆ ಅನ್ನುವ ಮಾತು. ಸಾಮಾನ್ಯವಾಗಿ ಏನು ಮಾಡಿರುತ್ತಾರೆಂದರೆ, ಯುಪಿಎಸ್‌ನಿಂದ ಫೇಸ್ ವೈರ್ ಒಂದನ್ನೇ ಮೇಲಕ್ಕೆ ಎಳೆದು, ನ್ಯೂಟ್ರಲನ್ನು ಮಹಡಿಯದರಲ್ಲೇ ಸೇರಿಸಿರುತ್ತಾರೆ. ವೈರ್ ಉಳಿಯಿತು ಅಂತ ಅವರ ಲೆಕ್ಕ. ಆದರೆ ಈಗಿನ ಎಲೆಕ್ಟ್ರಾನಿಕ್ ಮೀಟರ್ ಫೇಸಿನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲಿನಲ್ಲಿ ವಾಪಸ್ ಬಂದ ಕರೆಂಟನ್ನೂ ಎರಡನ್ನೂ ಅಳೆಯುತ್ತದೆ, ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು. ಮಹಡಿಯ ಫ್ಯಾನಿಗೆ ಫೇಸ್ ಕೆಳಗಿನ ಮೀಟರ್‌ನಿಂದ ಹೋಗಿ ನ್ಯೂಟ್ರಲ್ ಮೇಲಿನ ಮೀಟರ್‌ಗೆ ಬಂದರೆ, ಅದೇ ಒಂದು ಫ್ಯಾನು ಎರಡೂ ಮೀಟರ್‌ನಲ್ಲಿ ಓಡಿದ ಹಾಗೆ. ಮೆಟ್ಟಿಲ ದೀಪದ ಟೂ ವೇ ಸ್ವಿಚ್‌ನಲ್ಲೂ ಇದೇ ಆಗಿರುತ್ತದೆ.

ಪರೀಕ್ಷೆ ಸುಲಭ. ಎರಡೂ ಮನೆಯ ಮೇನ್ ಆನ್ ಇರಲಿ, ಉಳಿದ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ ಪ್ಲಗ್ ಕಿತ್ತಿಡಿ. ಯುಪಿಎಸ್ ಬ್ಯಾಟರಿ ಮೊದಲೇ ಫುಲ್ ಚಾರ್ಜ್ ಆಗಿರಲಿ. ಈಗ ಎರಡೂ ಮೀಟರ್‌ನ ಕೆಂಪು ದೀಪ ಹೆಚ್ಚುಕಡಿಮೆ ನಿಂತಿರಬೇಕು. ಮಹಡಿಯ ಫ್ಯಾನು ಒಂದೊಂದಾಗಿ ಹಾಕುತ್ತ ಹೋಗಿ, ಮೀಟರ್ ಹತ್ತಿರ ಇನ್ನೊಬ್ಬರು ನಿಂತು ನೋಡಲಿ. ಮೀಟರ್ ಮೇಲೆ 3200 ಅಂತ ಅಚ್ಚಾಗಿದ್ದರೆ ಅಷ್ಟು ಸಲ ಮಿಟುಕಿದಾಗ ಒಂದು ಯೂನಿಟ್. ಒಂದು ನಿಮಿಷದಲ್ಲಿ ಎಷ್ಟು ಸಲ ಮಿಟುಕಿತು ಎಣಿಸಿ 18.75ರಿಂದ ಗುಣಿಸಿದರೆ ಆ ಹೊತ್ತಿಗೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 1600 ಅಂತ ಇದ್ದರೆ 37.5ರಿಂದ ಗುಣಿಸಿ. 75 ವ್ಯಾಟಿನ ಫ್ಯಾನಿಗೆ 3200ರ ಮೀಟರ್ ನಿಮಿಷಕ್ಕೆ ನಾಲ್ಕು ಸಲ ಮಿಟುಕಬೇಕು. ಒಂದು ಫ್ಯಾನಿಗೆ ಎರಡೂ ಮೀಟರ್ ಮಿಟುಕಿದರೆ ನ್ಯೂಟ್ರಲ್ ಬೆರೆತಿದೆ. ಆಮೇಲೆ 750 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಪ್ರತಿ ಸಾಕೆಟ್‌ಗೂ ಹಾಕಿ ಹೀಗೇ ನೋಡಿ. ನಿಮಿಷಕ್ಕೆ 40 ಸಲ ಮಿಟುಕುತ್ತದೆ. ಕಾದ ಮೇಲೆ ಅದು ತಾನೇ ಆಫ್ ಆಗುತ್ತದಲ್ಲ, ಹಾಗಾಗಿ ಮೊದಲ ನಿಮಿಷದಲ್ಲೇ ಎಣಿಸಿ.

ಬೆರೆತಿದ್ದರೆ ಸರಿಪಡಿಸುವ ದಾರಿ ಒಂದೇ, ಯುಪಿಎಸ್ ಲೈನನ್ನು ಮಹಡಿಯಿಂದ ಬಿಡಿಸಿ ಅಲ್ಲಿಗೆ ಬೇರೆ ಚಿಕ್ಕ ಯುಪಿಎಸ್ ಇಡುವುದು. ಒಂದು ಮೀಟರ್‌ನ ವಿದ್ಯುತ್ ಇನ್ನೊಂದು ಮೀಟರ್‌ನ ಮನೆಗೆ ಹೋಗುವುದು ನಿಯಮಕ್ಕೂ ವಿರುದ್ಧ. ಕೆಲಸ ಲೈಸೆನ್ಸ್ ಇರುವವರಿಂದ ಮಾಡಿಸಿ, ಮೀಟರ್ ಸೀಲು ಯಾರೂ ಮುಟ್ಟಬಾರದು.

ಬಿಸಿನೀರು_ಹಾಸನ:

ವೈರಿಂಗ್ ನೋಡಿಸಿ, ಅದು ಸರಿ. ಆದರೆ ಏಳು ಜನರ ಮನೆಯಲ್ಲಿ ದೊಡ್ಡ ಪಾಲು ಬಚ್ಚಲಿನದೇ.

ಲೆಕ್ಕ ಹೀಗಿದೆ. 22 ಡಿಗ್ರಿಯ ನೀರು 20 ಲೀಟರ್, ಸ್ನಾನಕ್ಕೆ ಹದವಾಗಿ 40 ಡಿಗ್ರಿ ಆಗಬೇಕಾದರೆ 0.42 ಯೂನಿಟ್ ಬೇಕು. ಯಾವ ಕಂಪನಿಯ ಗೀಸರ್ ಆದರೂ, ಎಷ್ಟೇ ಸ್ಟಾರ್ ಇದ್ದರೂ ಇದು ಕಡಿಮೆಯಾಗುವುದಿಲ್ಲ. ಸ್ಟಾರ್ ಹೇಳುವುದು ಕಾದ ನೀರು ಟ್ಯಾಂಕಿನಲ್ಲೇ ನಿಂತು ಆರುವಾಗ ಆಗುವ ನಷ್ಟವನ್ನು ಮಾತ್ರ. ಏಳು ಜನ ತಲೆಗೊಂದು ಬಕೆಟ್ ಅಂದರೆ ದಿನಕ್ಕೆ ಮೂರು ಯೂನಿಟ್ ಹತ್ತಿರ, ತಿಂಗಳಿಗೆ ಸುಮಾರು 90. ಶವರ್ ಕೆಳಗೆ ಎಂಟು ನಿಮಿಷ ನಿಂತರೆ 70 ಲೀಟರ್ ಹೋಗುತ್ತದೆ, ಒಬ್ಬರಿಗೇ ಒಂದೂವರೆ ಯೂನಿಟ್. ಮನೆಯಲ್ಲಿ ಇಬ್ಬರು ಕಾಲೇಜು ಹುಡುಗರು ಶವರ್ ಹಿಡಿದರೆ ಉಳಿದ ಐವರಷ್ಟೇ ಅಥವಾ ಹೆಚ್ಚೇ ಅವರದಾಗುತ್ತದೆ.

ನಿಮ್ಮ 25 ಲೀಟರಿನ ಗೀಸರ್ 55 ಡಿಗ್ರಿಗೆ ಕಾಯಲು ಅರ್ಧ ಗಂಟೆ ಸಾಕು. ತಣ್ಣೀರು ಬೆರೆಸಿದರೆ ಎರಡೂಕಾಲು ಬಕೆಟ್ ಆಗುತ್ತದೆ. ಅಂದರೆ ಏಳು ಜನಕ್ಕೆ ಮೂರು ಸಲ ಕಾದರೆ ಆಯಿತು. ಸ್ನಾನ ಒಬ್ಬರ ಹಿಂದೊಬ್ಬರು ಮುಗಿಸಿ ಆಫ್ ಮಾಡಿ. ಬೆಳಗ್ಗೆ ಐದಕ್ಕೆ ಹಾಕಿ ಹತ್ತರವರೆಗೆ ಬಿಟ್ಟರೆ ಸುಮ್ಮನೆ ಆರುತ್ತ ಕಾಯುತ್ತ ಇರುತ್ತದೆ. ಬೋರ್‌ವೆಲ್ ನೀರಿನಿಂದ ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಕರೆಂಟ್ ಜಾಸ್ತಿ ತಿನ್ನುತ್ತದೆ ಅನ್ನುತ್ತಾರಲ್ಲ, ಅದು ಅಷ್ಟು ನಿಜವಲ್ಲ, ಶಾಖ ಕೊನೆಗೂ ನೀರಿಗೇ ಹೋಗುತ್ತದೆ. ಕೆಡುವುದು ಕಾಯಿಲ್ಲು. ಅದು ಬೇಗ ಸುಟ್ಟುಹೋಗುತ್ತದೆ, ಟ್ಯಾಂಕಿನ ತಳದಲ್ಲಿ ಸುಣ್ಣ ತುಂಬಿ ನೀರು ಹಿಡಿಯುವುದೂ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ, ಟ್ಯಾಂಕು ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಬದಲಿಸಿ.

ಆದರೆ ತಿಪಟೂರಿನ ತೋಟದ ಮನೆಯಲ್ಲಿ ಗೀಸರ್ ಯಾಕೆ ಅನ್ನುವುದು ನನ್ನ ಪ್ರಶ್ನೆ. ತೆಂಗಿನ ಸಿಪ್ಪೆ, ಕರಟ, ಗರಿ, ಹೊಂಬಾಳೆ ಎಲ್ಲ ಮನೆಯಲ್ಲೇ ಬೀಳುತ್ತದೆ. ಹೊರಗಿನಿಂದ ಉರಿ ಹಾಕುವ ಹಂಡೆ ಒಲೆಗೆ ಹೊಗೆ ಕೊಳವೆ ಸೂರಿನ ಮೇಲೆ ಎರಡು ಅಡಿ ಹೋಗುವಂತೆ ಕಟ್ಟಿಸಿದರೆ ಬಚ್ಚಲಿಗೆ ಹೊಗೆ ಬರುವುದಿಲ್ಲ. ಸಿಪ್ಪೆ ಚೆನ್ನಾಗಿ ಒಣಗಿರಬೇಕು, ಹಸಿಯದಾದರೆ ಹೊಗೆಯೇ ಜಾಸ್ತಿ. ಇದೊಂದರಿಂದಲೇ ತಿಂಗಳಿಗೆ 80 ಯೂನಿಟ್ ಮೀಟರ್‌ನಿಂದ ಆಚೆ ಹೋಗುತ್ತದೆ.

ಉರಿ ಹಾಕುವವರಿಲ್ಲ ಅಂದರೆ ಸೋಲಾರ್ ವಾಟರ್ ಹೀಟರ್. ಏಳು ಜನಕ್ಕೆ 200 ಲೀಟರಿನದು ಸಾಕು. ಗಡಸು ನೀರಿಗೆ ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್ ಬೇಡ, ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಗಾಜಿನ ಟ್ಯೂಬಿನದೇ ಇರಲಿ. ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ. ಎಲ್ಲಕ್ಕಿಂತ ಮುಖ್ಯ ಮಾತು: ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಬ್ಯಾಕಪ್ ಕಾಯಿಲ್ ಆನ್ ಬಿಟ್ಟು ಮರೆತರೆ ಅದು 200 ಲೀಟರನ್ನೂ ಕಾಯಿಸುತ್ತ ಕೂರುತ್ತದೆ, ಒಂದೇ ರಾತ್ರಿಗೆ ಏಳು ಯೂನಿಟ್. ಸೋಲಾರ್ ಹಾಕಿಸಿಯೂ ಬಿಲ್ಲು ಇಳಿಯಲಿಲ್ಲ ಅನ್ನುವ ಮನೆಗಳಲ್ಲಿ ಮೊದಲು ಈ ಸ್ವಿಚ್ಚನ್ನೇ ನೋಡಬೇಕು. ಆ ಕಾಯಿಲ್‌ನ ಸಂಪರ್ಕವನ್ನೇ ತೆಗೆಸಿ, ಮೋಡದ ದಿನಕ್ಕೆ ಈಗಿರುವ ಗೀಸರ್ ಇಟ್ಟುಕೊಳ್ಳಿ.

ತೋಟದಮನೆ_ತಿಪಟೂರು:

ಪರೀಕ್ಷೆ ಮಾಡಿಸಿದೆವು. ಮಹಡಿಯ ಎರಡು ಫ್ಯಾನು, ಹಾಲಿನ ದೀಪಕ್ಕೆ ಎರಡೂ ಮೀಟರ್ ಮಿಟುಕುತ್ತಿವೆ. ಹಂಡೆ ಹಳೆಯದು ಅಟ್ಟದಲ್ಲಿದೆ, ಒಲೆ ಕಟ್ಟಿಸಲು ಅತ್ತೆಯವರಿಗೂ ಒಪ್ಪಿಗೆ. ಫ್ರಿಜ್, ಫ್ಯಾನು ಬದಲಾಯಿಸಲೇಬೇಕಾ? ಮೇಲೆ ಪ್ಯಾನೆಲ್ ಹಾಕಿಸುವ ಬಗ್ಗೆಯೂ ಹೇಳಿ.

ಅಳತೆಗೋಲು:

ಅಕ್ಕ, ಫ್ರಿಜ್ ಈಗಲೇ ಬದಲಿಸಬೇಡಿ, ಮೊದಲು ಅದರ ರೋಗ ಏನು ನೋಡಿ. ಬಾಗಿಲ ರಬ್ಬರಿಗೆ ಒಂದು ಹಾಳೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ, ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ. ರಬ್ಬರ್ ಬೇರೆ ಸಿಗುತ್ತದೆ. ಹಿಂದಿನ ಕಪ್ಪು ಜಾಲರಿಯ ಧೂಳು ಒಣ ಬ್ರಷ್‌ನಿಂದ ತೆಗೆದು ಗೋಡೆಯಿಂದ ಒಂದು ಗೇಣು ಈಚೆ ಇಡಿ. ಆಮೇಲೆ ರಾತ್ರಿ ಯಾರೂ ಬಾಗಿಲು ತೆಗೆಯದ ಹೊತ್ತಿನಲ್ಲಿ ಕಂಪ್ರೆಸರ್ ಸದ್ದು ಕೇಳಿ. ಆಗಾಗ ನಿಲ್ಲಬೇಕು. ಗಂಟೆಗಟ್ಟಲೆ ನಿಲ್ಲದೆ ಓಡಿದರೆ ಥರ್ಮೋಸ್ಟಾಟ್ ಕೆಟ್ಟಿದೆ ಅಥವಾ ಗ್ಯಾಸ್ ಕಡಿಮೆಯಾಗಿದೆ. ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ಹೊಸದು ವಾಸಿ. ಹೊಸದರ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದೆ, ನಕ್ಷತ್ರ ಎಣಿಸುವ ಬದಲು ಆ ಅಂಕಿ ನೋಡಿ ಕೊಳ್ಳಿ.

ಫ್ಯಾನು ಮಾತ್ರ ಬದಲಿಸಿ, ಅದೂ ರಾತ್ರಿಯಿಡೀ ತಿರುಗುವ ಮೂರನ್ನು ಮಾತ್ರ. ಹಳೆಯದು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಹತ್ತಿರ. ಮೂರು ಫ್ಯಾನು ರಾತ್ರಿ ಒಂಬತ್ತು ಗಂಟೆ ಅಂದರೆ ತಿಂಗಳಿಗೆ 36 ಯೂನಿಟ್ ಉಳಿತಾಯ. ಗೋಡೆಯ ಹಳೆ ರೆಗ್ಯುಲೇಟರ್ ತೆಗೆಸಿಬಿಡಿ, ಅದರ ಜೊತೆ ಸೇರಿದರೆ ಬಿಎಲ್‌ಡಿಸಿ ಸರ್ಕ್ಯೂಟ್ ಕೆಡುತ್ತದೆ. ರಿಮೋಟ್ ವಯಸ್ಸಾದವರಿಗೆ ಕಷ್ಟ, ಮಂಚದ ಪಕ್ಕ ಅದನ್ನು ಸಿಕ್ಕಿಸುವ ಒಂದು ಚಿಕ್ಕ ಹಿಡಿ ಹೊಡೆಸಿ.

ಯುಪಿಎಸ್ ಬ್ಯಾಟರಿ ಕೈಯಿಟ್ಟು ನೋಡಿ. ಕರೆಂಟ್ ಹೋಗದ ದಿನವೂ ಬೆಚ್ಚಗಿದ್ದು, ಎರಡು ಮೂರು ವಾರಕ್ಕೇ ಡಿಸ್ಟಿಲ್ಡ್ ವಾಟರ್ ಕೇಳುತ್ತಿದ್ದರೆ ಅದರ ಆಯಸ್ಸು ಮುಗಿದಿದೆ, ಹಗಲೂ ರಾತ್ರಿ ಚಾರ್ಜ್ ಎಳೆಯುತ್ತಲೇ ಇದೆ ಎಂದರ್ಥ. 40 ವ್ಯಾಟ್ ಎಳೆದರೂ ತಿಂಗಳಿಗೆ 29 ಯೂನಿಟ್.

ಮೋಟಾರ್ ತಿಂಗಳಿಗೆ 20 ಯೂನಿಟ್ ಆಸುಪಾಸಿನದಾದರೆ ಚಿಂತೆ ಇಲ್ಲ. ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕು ಅಂತ ಬರೆದಿಡಿ. ಸಮಯ ಬೆಳೆಯುತ್ತ ಹೋದರೆ ಒಳಗಿನ ಪೈಪು ಸೋರುತ್ತಿದೆ, ನೀರು ಎತ್ತುವ ಚಕ್ರ (ಇಂಪೆಲ್ಲರ್) ಸವೆದಿದೆ ಅಥವಾ ನೀರಿನ ಮಟ್ಟ ಇಳಿದಿದೆ.

ಪ್ಯಾನೆಲ್ ವಿಚಾರ. ಕೇಂದ್ರದ ಮನೆ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ, ತಿಂಗಳಿಗೆ 300ರ ಮೇಲೆ ಯೂನಿಟ್ ಬರುತ್ತದೆ. ಆದರೆ ಕೆಳಗಿನ ಮೀಟರ್ 190ಕ್ಕೆ ಇಳಿದರೆ ಬಿಲ್ಲು ಇದ್ದೂ ಇಲ್ಲದಂತಾಗುತ್ತದೆ, ಆಗ ಲಕ್ಷ ದಾಟಿದ ಖರ್ಚು ವಾಪಸ್ ಬರುವುದು ಎಲ್ಲಿಂದ? ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಡುವುದಕ್ಕಿಂತ ಬಹಳ ಕಡಿಮೆ. ಗ್ರಿಡ್‌ಗೆ ಜೋಡಿಸಿದ ಪ್ಯಾನೆಲ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಯುಪಿಎಸ್ ಬೇಕೇ ಬೇಕು. ತೆಂಗಿನ ಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಎಸಿ ಹಾಕಿಸುವ ಯೋಚನೆ ಇದ್ದರೆ, 200ರ ಒಳಗೆ ಇರುವುದು ಹೇಗೂ ಆಗದು ಅನ್ನಿಸಿದರೆ ಆಗ ನೋಡಿ.

ವೈರ್‌ಮನ್_ಅರಸೀಕೆರೆ:

ನ್ಯೂಟ್ರಲ್ ಬೇರೆ ಮಾಡಿಸುವ ದಿನವೇ ಎರಡೂ ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ ಮೇಡಂ. ನ್ಯೂಟ್ರಲ್ ಬೆರೆತ ಮನೆಯಲ್ಲಿ ಅದು ನಿಲ್ಲುವುದೇ ಇಲ್ಲ, ಪದೇ ಪದೇ ಟ್ರಿಪ್ ಆಗುತ್ತದೆ. ಟ್ರಿಪ್ ಆಗದೆ ನಿಂತರೆ ಕೆಲಸ ಸರಿಯಾಗಿದೆ ಎಂದು ನಿಮಗೇ ತಿಳಿಯುತ್ತದೆ. ಆಗಲೂ ಟ್ರಿಪ್ ಆದರೆ ಅದನ್ನು ತೆಗೆಸಬೇಡಿ, ಇನ್ನೊಂದು ಕಡೆ ಬೆರೆತಿದೆ ಅಥವಾ ಭೂಮಿಗೆ (ಅರ್ತ್) ಕರೆಂಟ್ ಸೋರುತ್ತಿದೆ. ಒಂದೊಂದೇ ಎಂಸಿಬಿ (ಆಯಾ ಸರ್ಕ್ಯೂಟಿನ ಟ್ರಿಪ್ ಸ್ವಿಚ್) ಆನ್ ಮಾಡುತ್ತ ಹೋದರೆ ಯಾವ ಸರ್ಕ್ಯೂಟ್ ಎಂದು ಸಿಗುತ್ತದೆ, ಮೊದಲು ಗೀಸರ್ ಸರ್ಕ್ಯೂಟ್ ನೋಡಿ.

ಬಿಲ್ಲು ಬಂದ ಮರುದಿನದಿಂದ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಮೀಟರ್ ಅಂಕಿ ಬರೆದಿಡಿ. ವಾರಕ್ಕೆ 44 ದಾಟಿದರೆ ಆ ತಿಂಗಳು 190 ಮೀರುವ ದಾರಿಯಲ್ಲಿದೆ, ಇನ್ನೂ ಮೂರು ವಾರ ಕೈಯಲ್ಲಿರುತ್ತದೆ.