ಓದುಗರ ಸ್ಪಂದನ: ಬಾಲಿಯ ಅಲೆ, ಗೆಳತಿಯ ಮುನಿಸು

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಓದುಗರೊಬ್ಬರು ತಮ್ಮ ಸಮಸ್ಯೆಯನ್ನು ಬರೆದಿದ್ದರು. ಸರ್ಫಿಂಗ್ ಕಲಿಯಲೆಂದು ಜನವರಿಯಲ್ಲಿ ಗೆಳತಿಯೊಡನೆ ಬಾಲಿಗೆ ಹೋದ ಅವರಿಗೆ ಕೂಟಾ ಕಡಲತೀರದಲ್ಲಿ ಎದುರಾದದ್ದು ಕಂದು ನೊರೆ ಮತ್ತು ಪ್ಲಾಸ್ಟಿಕ್ ಕಸ. ಬೋರ್ಡಿನ ಮೇಲೆ ಒಮ್ಮೆಯೂ ಎದ್ದು ನಿಲ್ಲಲಾಗಲಿಲ್ಲ. ಪ್ರವಾಸವನ್ನು ಗೊತ್ತುಮಾಡಿದ್ದು ಗೆಳತಿ. ಮರಳುವಾಗ ವಿಮಾನ ನಿಲ್ದಾಣದಲ್ಲಿ ಇವರು, “ಇಷ್ಟು ದುಡ್ಡು ಸುರಿಯುವ ಬದಲು ಮನೆಯಲ್ಲೇ ಇರಬಹುದಿತ್ತು” ಎಂದರು. ಅಂದಿನಿಂದ ಗೆಳತಿ ಫೋನ್ ಎತ್ತುತ್ತಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ್ದರಲ್ಲಿ ತಪ್ಪೇನು ಎಂಬುದು ಇವರ ಪ್ರಶ್ನೆ.

ಬಂದ ಪತ್ರಗಳಲ್ಲಿ ಹೆಚ್ಚಿನವು ಹವಾಮಾನವನ್ನು ಕುರಿತವು. ಗೆಳತಿಯನ್ನು ನೆನೆದವರು ಕಡಿಮೆ.

ಉಡುಪಿಯಿಂದ: ಜನವರಿ ಬಾಲಿಯ ಮಳೆಗಾಲ. ಆಷಾಢದಲ್ಲಿ ಮಲ್ಪೆಗೆ ಬಂದು ಕಡಲು ಕೆಂಪಗಿದೆ ಎಂದು ದೂರುವವರಿಗೆ ನಾವು ಕೊಡುವ ಉತ್ತರವೇ ನಿಮಗೂ.

ಮಂಗಳೂರಿನಿಂದ: ಕೂಟಾ ಇರುವುದು ದ್ವೀಪದ ಪಶ್ಚಿಮಕ್ಕೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಗ್ನೇಯದ ಗಾಳಿ ಅಲ್ಲಿ ನೆಲದಿಂದ ಕಡಲಿನತ್ತ ಬೀಸುವುದರಿಂದ ಅಲೆಗಳು ಒಪ್ಪವಾಗಿ ಏಳುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಪಡುವಣ ಗಾಳಿ ಅಲೆಯನ್ನು ಕೆಡಿಸುವುದಲ್ಲದೆ, ಹೊಳೆಗಳು ಕಡಲಿಗೆ ಸುರಿದ ಕಸವನ್ನೂ ಅದೇ ದಂಡೆಗೆ ತಂದು ಒಟ್ಟುತ್ತದೆ. ಆ ತಿಂಗಳುಗಳಲ್ಲಿ ಬಲ್ಲವರು ಪೂರ್ವದ ಸನೂರ್, ಕೆರಮಾಸ್ ಕಡೆಗೆ ಹೋಗುತ್ತಾರೆ. ಆದರೆ ಅಲ್ಲಿ ನೀರಿನ ತಳದಲ್ಲಿ ಬಂಡೆಯೋ ಹವಳವೋ ಇರುತ್ತದೆ. ಹೊಸಬರು ಬಿದ್ದರೆ ಮೈ ಸೀಳುತ್ತದೆ. ಕಲಿಯುವವರಿಗೆ ಬೇಕಾದ ಮರಳಿನ ತಳ ಇರುವುದು ಕೂಟಾದಲ್ಲಿ. ಜನವರಿಯಲ್ಲೇ ಹೋಗಬೇಕಾಗಿದ್ದರೆ ನಿಮ್ಮ ಗೆಳತಿ ಆರಿಸಿದ ದಂಡೆಯೇ ಸರಿ.

ಮುಂದಿನ ಪತ್ರ ದೀರ್ಘವಾಗಿದ್ದರೂ ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

ಶಿವಮೊಗ್ಗದಿಂದ: ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ನಾನು ನಿಮ್ಮ ಗೆಳತಿಯ ಸ್ಥಾನದಲ್ಲಿ ಇದ್ದವನು. ತಮ್ಮನಿಗೆ ಜುಲೈನಲ್ಲಿ ರಜೆ ಸಿಕ್ಕಿತ್ತು. ಆಗ ಶ್ರೀಲಂಕಾದ ದಕ್ಷಿಣದ ವೆಲಿಗಾಮ ಮುಂಗಾರಿನಲ್ಲಿ ಮುಳುಗಿರುತ್ತದೆಂದು ತಿಳಿದುಕೊಂಡು, ಕೊಲಂಬೊದಿಂದ ಇಡೀ ದಿನ ಪ್ರಯಾಣ ಮಾಡಿ ಅವನನ್ನು ಪೂರ್ವ ತೀರದ ಅರುಗಮ್ ಬೇಗೆ ಕರೆದೊಯ್ದೆ. ಕಡಲು ಸೊಗಸಾಗಿತ್ತು. ಭೂಶಿರದ ಎದುರಿಗೆ, ಅವನು ವಿಡಿಯೋಗಳಲ್ಲಿ ಕಂಡಿದ್ದ ಉದ್ದನೆಯ ಅಲೆಗಳು ಒಂದರ ಹಿಂದೊಂದು ಬಲಕ್ಕೆ ಮಗುಚುತ್ತಿದ್ದವು. ಆದರೆ ಅಲ್ಲಿ ಪಳಗಿದವರು ಸರದಿ ಕಾಯುತ್ತಿದ್ದುದರಿಂದ, ಕಲಿಸುವ ಹುಡುಗ ನಮ್ಮನ್ನು ಒಳಗಿನ ಬೇಬಿ ಪಾಯಿಂಟಿಗೆ ಕಳುಹಿಸಿದ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಒಡೆದು ಬಂದ ನೊರೆಯನ್ನು ಹಿಡಿಯುವುದೇ ನಮ್ಮ ಪಾಠ. ಫೋಮ್ ಬೋರ್ಡಿಗೆ ಉಜ್ಜಿ ತಮ್ಮನ ಹೊಟ್ಟೆ ಕೆಂಪಗೆ ಸುಲಿದಿತ್ತು. ಸಂಜೆ ಊಟದ ಮೇಜಿನಲ್ಲಿ, ಅಪರಿಚಿತರ ಮುಂದೆ, ಮಕ್ಕಳಾಟಕ್ಕೆ ಕರೆತಂದೆ ಎಂದು ನನ್ನನ್ನು ಜರೆದ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಈಗ ಮದುವೆ ಮುಂಜಿಗಳಲ್ಲಿ, ಪಂಕ್ತಿಯಲ್ಲಿ ಎಲೆ ಹಾಕುವ ಮೊದಲೇ, “ಅಣ್ಣನ ಲಂಕಾದಹನ” ಎಂದು ಅವನು ಶುರುಮಾಡುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಟಿಕೆಟ್, ವೀಸಾ, ಕೋಣೆ ಎಂದು ತಿಂಗಳುಗಟ್ಟಲೆ ಕುಳಿತು ಹೊಂದಿಸಿದವರಿಗೆ ಅಲೆ ಸರಿಯಿಲ್ಲದಿರುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ತಾಯಿ. ಅದನ್ನು ಅವರಿಗೆ ಇನ್ನೊಬ್ಬರು ಹೇಳಬೇಕಾಗಿಲ್ಲ.

ಮೂಲ್ಕಿಯಿಂದ: ಕಲಿಯಲು ಬಾಲಿಗೇ ಹೋಗಬೇಕೆಂದು ಹೇಳಿದವರು ಯಾರು? ನಮ್ಮಲ್ಲಿ ಮಂತ್ರ ಸರ್ಫ್ ಕ್ಲಬ್ ಇದೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿಯೇ ರಾಷ್ಟ್ರಮಟ್ಟದ ಸ್ಪರ್ಧೆ ನಡೆದಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ನೀರಿನಲ್ಲಿರುತ್ತೀರಿ. ಮಳೆಗಾಲದಲ್ಲಿ ಮಾತ್ರ ಬರಬೇಡಿ.

ಈ ಸಲಹೆ ಇಬ್ಬರಿಗೂ ಅನ್ವಯಿಸುತ್ತದೆಂದು ಭಾವಿಸುತ್ತೇವೆ.

ಧಾರವಾಡದಿಂದ: ನಾನು ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಮಾತ್ರ, ಸರ್ಫಿಂಗ್ ಬಗ್ಗೆ ಏನೂ ತಿಳಿಯದು. ಒಂದೇ ಮಾತು ಕೇಳುತ್ತೇನೆ: ಟಿಕೆಟಿಗೆಂದು ಗೆಳತಿ ಮೊದಲೇ ಕಟ್ಟಿದ ನಿಮ್ಮ ಪಾಲಿನ ಹಣ ಚುಕ್ತಾ ಆಗಿದೆಯೇ?

ಹಣ ಚುಕ್ತಾ ಆಗಿದೆಯೆಂದು ಬೆಂಗಳೂರಿನ ಓದುಗರು ತಿಳಿಸಿದ್ದಾರೆ. ಈ ಪತ್ರಗಳ ಪ್ರತಿಯನ್ನು ಗೆಳತಿಗೆ ಕಳುಹಿಸಬಹುದೇ ಎಂದೂ ಕೇಳಿದ್ದಾರೆ. ಶಿವಮೊಗ್ಗದ ಪತ್ರವೊಂದನ್ನು ಕಳುಹಿಸಿದರೆ ಸಾಕು ಎಂದು ಉತ್ತರಿಸಿದ್ದೇವೆ.