ಗ್ರಾಹಕರ ನಂಬರಿಗೆ ‘ಇವರಿಗೇ ವೋಟು ಹಾಕಿ’ ಅಂತ ಅಂಗಡಿ ಎಸ್ಸೆಮ್ಮೆಸ್ ಕಳಿಸಬಹುದಾ?

ಪ್ರಶ್ನೆ | ಜವಳಿಲೆಕ್ಕ
ವಿಧಾನಸಭೆ ಚುನಾವಣೆಗೆ ನಮ್ಮ ಯಜಮಾನರು ಒಬ್ಬ ಅಭ್ಯರ್ಥಿಯ ಪರವಾಗಿ, ಬಿಲ್ ಮಾಡುವಾಗ ಪಡೆದ ನಂಬರುಗಳಿಗೆಲ್ಲ ಬಲ್ಕ್ ಎಸ್ಸೆಮ್ಮೆಸ್ ಕಳಿಸಬೇಕು ಅಂತಿದ್ದಾರೆ. ಖರ್ಚು ಅಂಗಡಿಯದು. ಅನುಮತಿ ಎಲ್ಲಿ ಸಿಗುತ್ತೆ? ವೋಟು ಹಾಕಿ ಬಂದವರಿಗೆ ರಿಯಾಯಿತಿ ಕೊಟ್ಟರೆ ತಪ್ಪಾಗುತ್ತಾ?

ಉತ್ತರ | ಚುನಾವಣಾ ಕಡತ
ಬಲ್ಕ್ ಎಸ್ಸೆಮ್ಮೆಸ್, ಧ್ವನಿ ಸಂದೇಶ ಎರಡಕ್ಕೂ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯ (ಎಂಸಿಎಂಸಿ) ಪೂರ್ವಾನುಮತಿ ಬೇಕು. ಅಭ್ಯರ್ಥಿ ಅಥವಾ ನೋಂದಾಯಿತ ಪಕ್ಷ 3 ದಿನ ಮೊದಲು ಅರ್ಜಿ ಹಾಕಬೇಕು, ಉಳಿದವರು 7 ದಿನ ಮೊದಲು. ಆದರೆ ಉಳಿದವರು ‘ಇದು ಯಾವ ಪಕ್ಷ, ಅಭ್ಯರ್ಥಿಯ ಲಾಭಕ್ಕೂ ಅಲ್ಲ’ ಅಂತ ಪ್ರಮಾಣ ಮಾಡಬೇಕು. ಒಬ್ಬರ ಹೆಸರು ಹಾಕಿ ವೋಟು ಕೇಳುವ ಅಂಗಡಿ ಈ ಪ್ರಮಾಣ ಮಾಡಿದರೆ ಅದೇ ಸುಳ್ಳಾಗುತ್ತೆ.

ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಹಣ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ 10,000 ರೂ.ವರೆಗೆ ದಂಡ. ಒಪ್ಪಿಗೆ ಕೊಟ್ಟರೆ ಆ ಖರ್ಚು ಅವರ 40 ಲಕ್ಷದ ಮಿತಿಯೊಳಗೆ ಸೇರುತ್ತೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ರಾಜಕೀಯ ಬಲ್ಕ್ ಸಂದೇಶ ಯಾರೂ ಕಳಿಸುವಂತಿಲ್ಲ.

ಸೀರೆ ಬಿಲ್ಲಿಗೆ ಅಂತ ನಂಬಿ ಕೊಟ್ಟ ನಂಬರು ಅದು. ದಯವಿಟ್ಟು ಯಜಮಾನರಿಗೆ ಹೇಳಿ, ಬೇಡ.

ಉತ್ತರ | ಡಿಎಲ್‌ಟಿ ಡೆಸ್ಕ್
ತಾಂತ್ರಿಕವಾಗಿಯೂ ಸಿಕ್ಕಿಬೀಳ್ತೀರಿ. ಡಿಎಲ್‌ಟಿಯಲ್ಲಿ (ವ್ಯಾಪಾರಿ ಎಸ್ಸೆಮ್ಮೆಸ್‌ಗಳನ್ನು ನೋಂದಾಯಿಸುವ ವ್ಯವಸ್ಥೆ) ನಿಮ್ಮ ಹೆಡರ್‌ಗೆ, ಅಂದರೆ ಕಳಿಸುವವರ ಗುರುತಿನ ಹೆಸರಿಗೆ, ಒಪ್ಪಿಗೆಯಾಗಿರೋದು ಬಿಲ್ಲಿನ ಟೆಂಪ್ಲೇಟ್ (ಸಂದೇಶದ ಮಾದರಿ). ಅದಕ್ಕೆ ಹೊಂದದ ಪಠ್ಯವನ್ನು ಮೊಬೈಲ್ ಆಪರೇಟರ್ ಸ್ಕ್ರಬ್ಬಿಂಗ್‌ನಲ್ಲೇ (ಕಳಿಸುವ ಮುಂಚಿನ ತಪಾಸಣೆ) ತಡೆಯುತ್ತೆ. ಹೆಸರು, ಮೊತ್ತ ತುಂಬುವ ವೇರಿಯಬಲ್ ಜಾಗದಲ್ಲಿ ಪ್ರಚಾರದ ಸಾಲು ತುರುಕಿದರೆ ದಾಟಿಹೋಗಬಹುದು, ಆದರೆ ಬೇಡದ ಸಂದೇಶಗಳ ದೂರಿನ ನಂಬರು 1909ಕ್ಕೆ ದೂರು ಹೋದರೆ ಟೆಂಪ್ಲೇಟ್ ಕಪ್ಪುಪಟ್ಟಿಗೆ ಸೇರುತ್ತೆ. ಆಮೇಲೆ ಬಿಲ್ಲಿನ ಸಂದೇಶವೂ ಹೋಗಲ್ಲ. ಗ್ರಾಹಕರಿಗೆ ದೂರು ಕೊಡೋಕೆ 7 ದಿನ ಸಮಯವಿದೆ.

ಪ್ರತಿ ಪ್ರಶ್ನೆ | ಜವಳಿಲೆಕ್ಕ
ಗ್ರಾಹಕರು ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ಗೂ ದೂರು ಹಾಕಬಹುದಾ?

ಉತ್ತರ | ಚುನಾವಣಾ ಕಡತ
ಹಾಕಬಹುದು, 100 ನಿಮಿಷದೊಳಗೆ ಕ್ರಮ ಅನ್ನೋದು ಅದರ ಗುರಿ. ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟ್ ಅದು ತಗೊಳ್ಳಲ್ಲ; ಇನ್ನೊಂದು ಫೋನಿನಲ್ಲಿ ಆ್ಯಪ್ ತೆರೆದು ಎಸ್ಸೆಮ್ಮೆಸ್ ಬಂದ ಫೋನಿನ ಪರದೆಯ ಫೋಟೊ ತೆಗೀಬೇಕು.

ರಿಯಾಯಿತಿ ಬೇರೆ ವಿಷಯ. 2024ರ ಲೋಕಸಭೆ ಚುನಾವಣೆಯಲ್ಲಿ ವೋಟು ಹಾಕಿದವರಿಗೆ ಉಚಿತ, ರಿಯಾಯಿತಿ ತಿಂಡಿ ಕೊಡಲು ಬೆಂಗಳೂರಿನ ಹೋಟೆಲಿನವರಿಗೆ ಹೈಕೋರ್ಟ್ ಅವಕಾಶ ಕೊಟ್ಟಿತ್ತು. ಬೆರಳಿನ ಶಾಯಿ ನೋಡಿ ಎಲ್ಲರಿಗೂ ಒಂದೇ ದರ ಇಡಿ. ಹೆಸರು, ಚಿಹ್ನೆ, ಪಕ್ಷದ ಬಣ್ಣ ಎಲ್ಲೂ ಬರಬಾರದು. ಕೆಲಸದವರಿಗೆ ಅವತ್ತು ಸಂಬಳ ಸಹಿತ ರಜೆ ಕೊಡೋದು ಕಾನೂನು, ಪ್ರಜಾಪ್ರತಿನಿಧಿತ್ವ ಕಾಯ್ದೆಯ 135ಬಿ ಕಲಂ, ಅದನ್ನೂ ಮರೀಬೇಡಿ.